ಬಜೆಟ್, ಕರೆಂಟು, ಆರೋಗ್ಯ: ಶಾಸಕರ ಕಚೇರಿಯ ಕರಪತ್ರ ಸಿದ್ಧಪಡಿಸುವ ಬಗೆ

ಬಜೆಟ್ ಮಂಡನೆಯಾದ ಸಂಜೆಯೇ ಕರಪತ್ರವನ್ನು ಅಚ್ಚಿಗೆ ಕಳಿಸಬೇಡಿ. 2025ರಲ್ಲಿ ಬಜೆಟ್ ಬಂದದ್ದು ಮಾರ್ಚ್ 7ಕ್ಕೆ, ಕೆಇಆರ್‌ಸಿಯ (ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ) ವಿದ್ಯುತ್ ದರದ ಆದೇಶ ಬಂದದ್ದು ಮಾರ್ಚ್ 27ಕ್ಕೆ. ಅವಸರಪಟ್ಟಿದ್ದರೆ ಕರೆಂಟಿನ ಭಾಗ ಏಪ್ರಿಲ್ 1ಕ್ಕೇ ಹಳಸಿಹೋಗುತ್ತಿತ್ತು. ಏಪ್ರಿಲ್ ಎರಡನೇ ವಾರ ಸರಿಯಾದ ಹೊತ್ತು. ಚುನಾವಣಾ ನೀತಿಸಂಹಿತೆ ಜಾರಿಯಲ್ಲಿದ್ದರೆ ಮೊದಲು ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ.

2025-26ರ ಬಜೆಟ್ ಗಾತ್ರ 4,09,549 ಕೋಟಿ ರೂಪಾಯಿ, ಅದರಲ್ಲಿ ಗ್ಯಾರಂಟಿಗಳಿಗೆ 51,034 ಕೋಟಿ. ರಾಜ್ಯದ ಲೆಕ್ಕಕ್ಕೆ ಈ ಒಂದು ಸಾಲು ಸಾಕು, ಉಳಿದ ಜಾಗ ಕ್ಷೇತ್ರಕ್ಕಿರಲಿ. ಭಾಷಣದಲ್ಲಿ ಊರಿನ ಹೆಸರು ಬಂದ ಮಾತ್ರಕ್ಕೆ ಹಣ ಬಂದಂತಲ್ಲ. ಘೋಷಣೆ, ಆಡಳಿತಾತ್ಮಕ ಅನುಮೋದನೆ, ಟೆಂಡರ್, ಕಾರ್ಯಾದೇಶ, ಹಣ ಬಿಡುಗಡೆ: ಪ್ರತಿ ಕಾಮಗಾರಿಯ ಪಕ್ಕದಲ್ಲಿ ಅದು ಇವುಗಳಲ್ಲಿ ಎಲ್ಲಿದೆ, ಯಾವ ದಿನಾಂಕದ ಮಾಹಿತಿ ಎಂಬುದನ್ನು ಬರೆಯಿರಿ. 'ಮಂಜೂರಾಗಿದೆ' ಎಂಬ ಪದವನ್ನು ಬಿಟ್ಟೇಬಿಡಿ. ಐದು ಹಂತಕ್ಕೂ ಅದೇ ಪದ ಓಡಾಡುವುದರಿಂದಲೇ "ರಸ್ತೆ ಎಲ್ಲಿ ಸ್ವಾಮಿ?" ಎಂಬ ಪ್ರಶ್ನೆ ಮೂರು ವರ್ಷ ಬೆನ್ನು ಬಿಡುವುದಿಲ್ಲ. ಅಂಕಿ ಹೋಲಿಸುವಾಗ ಬಜೆಟ್ ಅಂದಾಜನ್ನು ಬಜೆಟ್ ಅಂದಾಜಿನ ಜೊತೆಗೇ ಹೋಲಿಸಿ. ಹಿಂದಿನ ವರ್ಷದ ಪರಿಷ್ಕೃತ ಅಂದಾಜು, ಅಂದರೆ ಆಮೇಲೆ ತಿದ್ದಿದ ಅಂಕಿ, ಇಳಿದಿದ್ದರೆ, ಅದರೆದುರು ಈ ವರ್ಷದ ಏರಿಕೆ ಸುಳ್ಳೇ ದೊಡ್ಡದಾಗಿ ಕಾಣುತ್ತದೆ.

ಜನ ನಿಜಕ್ಕೂ ಓದುವುದು ಕರೆಂಟಿನ ಭಾಗ. "ಗೃಹಜ್ಯೋತಿಯಲ್ಲಿ 200 ಯೂನಿಟ್ ಉಚಿತ" ಎಂದಷ್ಟೇ ಬರೆದರೆ ಜಗಳ ಖಚಿತ, ಏಕೆಂದರೆ ಪ್ರತಿ ಮನೆಯ ಮಿತಿಯೇ ಬೇರೆ. 2022-23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿದರೆ ಆ ಮನೆಯ ಅರ್ಹ ಯೂನಿಟ್ ಸಿಗುತ್ತದೆ. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಶೇ. 10ರ ಬದಲು ನೇರವಾಗಿ 10 ಯೂನಿಟ್. ಹಳೆಯ ಬಳಕೆಯ ದಾಖಲೆ ಇಲ್ಲದ ಹೊಸ ಮನೆಗೆ 58 ಯೂನಿಟ್. ಇದನ್ನು ಒಂದು ಮನೆಯ ಲೆಕ್ಕವಾಗಿ ತೋರಿಸಿ: ಸರಾಸರಿ 80 ಇದ್ದ ಮನೆಗೆ ಮಿತಿ 88. 88ರೊಳಗೆ ಬಳಸಿದರೆ ಬಿಲ್ ಸೊನ್ನೆ. 120 ಬಳಸಿದರೆ ಹೆಚ್ಚುವರಿ 32 ಯೂನಿಟ್‌ಗೆ ದುಡ್ಡು. 200 ದಾಟಿ 201 ಬಳಸಿದರೆ ಪೂರ್ತಿ ಬಿಲ್. 2025-26ರ ದರದಲ್ಲಿ ಯೂನಿಟ್‌ಗೆ 5.80 ರೂಪಾಯಿಯಂತೆ 1,165.80, ನೌಕರರ ಪಿಂಚಣಿಯ ಬಾಬ್ತಿಗೆ ಯೂನಿಟ್‌ಗೆ 36 ಪೈಸೆಯಂತೆ 72.36, ಮೂರು ಕಿಲೋವ್ಯಾಟ್ ಲೋಡ್ ಇದ್ದರೆ ನಿಗದಿತ ಶುಲ್ಕ 145ರಂತೆ 435. ತೆರಿಗೆ ಬೇರೆ. ಒಂದೇ ಒಂದು ಯೂನಿಟ್ ದಾಟಿದ್ದಕ್ಕೆ ಸಾವಿರದ ಆರುನೂರು ಮೀರಿತು ಎಂಬುದನ್ನು ದಪ್ಪಕ್ಷರದಲ್ಲಿ ಹಾಕಿ. ಆ ವರ್ಷ ಯೂನಿಟ್ ದರ 10 ಪೈಸೆ ಇಳಿಯಿತೆಂದು ಹೇಳುವವರು ಈ 36 ಪೈಸೆಯನ್ನೂ, ನಿಗದಿತ ಶುಲ್ಕ 120ರಿಂದ 145ಕ್ಕೆ ಏರಿದ್ದನ್ನೂ ಹೇಳಲೇಬೇಕು. ಮುಚ್ಚಿಟ್ಟರೆ ಬಿಲ್ಲೇ ಹೇಳುತ್ತದೆ. ಮನೆ ಬದಲಿಸುವ ಬಾಡಿಗೆದಾರರು ಹಳೆಯ ಮನೆಯ ಆರ್.ಆರ್. ನಂಬರ್‌ನಿಂದ (ಬಿಲ್ಲಿನ ಮೇಲಿರುವ ವಿದ್ಯುತ್ ಸಂಪರ್ಕದ ಸಂಖ್ಯೆ) ಆಧಾರ್ ಡಿ-ಲಿಂಕ್ ಮಾಡಿಸಬೇಕೆಂದು ಒಂದು ಸಾಲು ಸೇರಿಸಿ.

ಆರೋಗ್ಯದಲ್ಲಿ ಎಡವುವುದು ರೆಫರಲ್ ವಿಷಯದಲ್ಲಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ತುರ್ತು ಚಿಕಿತ್ಸೆ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ರೆಫರಲ್ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರ) ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ. ಗಮನಿಸಿ, ಆಸ್ಪತ್ರೆ ಬಿಲ್ಲಿನ ಶೇ. 30 ಅಲ್ಲ. ಪ್ಯಾಕೇಜ್ 1 ಲಕ್ಷವಾಗಿದ್ದರೆ ಸಿಗುವುದು 30,000, ಬಿಲ್ ಎಷ್ಟೇ ಬರಲಿ. ಆಸ್ಪತ್ರೆಯಲ್ಲಿ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರನ್ನು ಕೇಳಿ ಎಂದೂ ಬರೆಯಿರಿ.

ಎ4 ಹಾಳೆಯ ಎರಡು ಬದಿ, 14 ಪಾಯಿಂಟ್ ಅಕ್ಷರ. ಅದಕ್ಕಿಂತ ಚಿಕ್ಕದಾದರೆ ಹಿರಿಯರು ಓದುವುದಿಲ್ಲ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದನ್ನು ಪ್ರೆಸ್‌ನವರು 'ನುಡಿ' ತಂತ್ರಾಂಶದ ಅಕ್ಷರಕ್ಕೆ ಬದಲಿಸುವಾಗ ಒತ್ತಕ್ಷರ ಕೆಡುವುದುಂಟು, ಹಾಗಾಗಿ ಕರಡನ್ನು ಕಾಗದದ ಮೇಲೇ ನೋಡಿ, ಅಂಕಿಗಳನ್ನು ಇಬ್ಬರು ಕೂತು ಒಬ್ಬರು ಓದಿ ಇನ್ನೊಬ್ಬರು ತಾಳೆ ಹಾಕಿ.

ಹೋಬಳಿ ಸಭೆಗೆ ವಿದ್ಯುತ್ ಕಂಪನಿಯ ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್), ತಾಲ್ಲೂಕು ಆರೋಗ್ಯಾಧಿಕಾರಿ ಇಬ್ಬರೂ ಬರಲಿ. ಭಾಷಣ ಇಪ್ಪತ್ತು ನಿಮಿಷ ಮೀರದಿರಲಿ. ಬಾಗಿಲ ಬಳಿ ಒಂದು ಮೇಜು, ಒಂದು ರಿಜಿಸ್ಟರ್: ಬಿಲ್ ತಕರಾರಿಗೆ ಆರ್.ಆರ್. ನಂಬರ್, ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟಿದ್ದರೆ ಫೀಡರ್ ಹೆಸರು, ಚಿಕಿತ್ಸೆಯದ್ದಾದರೆ ಕಾರ್ಡಿನ ವಿವರ, ಜೊತೆಗೆ ಫೋನ್ ನಂಬರ್. ಹದಿನೈದನೇ ದಿನಕ್ಕೆ ಆ ಪುಟ ತೆರೆದು, ಕೆಲಸ ಆಗದವರಿಗೂ ಫೋನ್ ಮಾಡಿ.