ಕಲಬುರಗಿಯ ಟೇಪು, ಇಂಗ್ಲೆಂಡಿನ ಸುತ್ತುದಾರಿ

ನಮ್ಮ ಚಿಕ್ಕಮ್ಮ ಶರಣಬಸವೇಶ್ವರ ಜಾತ್ರೆಗೆ ಹೋಗುವುದನ್ನೇ ಬಿಟ್ಟಿದ್ದರು. ಗದ್ದಲದಲ್ಲಿ ಒಮ್ಮೆ ಜೋರಾಗಿ ಕೆಮ್ಮಿದರೆ ಮೂತ್ರ ಸೋರಿ ಸೀರೆ ಒದ್ದೆ. ಯಾರಿಗೂ ಹೇಳಿರಲಿಲ್ಲ. ಕೊನೆಗೆ ಕಲಬುರಗಿಯಲ್ಲೇ ಟೇಪ್ ಹಾಕಿಸಿಕೊಂಡು ಮರುದಿನ ಮನೆಗೆ ಬಂದರು. ಅದನ್ನು ಕೇಳಿದ ಇಂಗ್ಲೆಂಡಿನ ನಮ್ಮ ಕಡೆಯ ಹೆಂಗಸರು ನನ್ನನ್ನು ಕೇಳುತ್ತಾರೆ: ಇಲ್ಲಿ ಯಾಕೆ ಇಷ್ಟು ಸುತ್ತಾಟ?

ಟೇಪ್ ಅಂದರೆ ಮೂತ್ರನಾಳದ ಕೆಳಗೆ ಆಸರೆಗೆ ಇಡುವ ಪ್ಲಾಸ್ಟಿಕ್ ಬಲೆಯ ಪಟ್ಟಿ. ಎಷ್ಟೋ ಜನಕ್ಕೆ ಗುಣ ಕೊಟ್ಟಿದೆ. ಕೆಲವರಿಗೆ ಮಾತ್ರ ಅದು ಒಳಗೇ ಕೊರೆದು, ವರ್ಷಗಟ್ಟಲೆ ನೋವು ಕೊಟ್ಟಿತು. ಪೂರ್ತಿ ತೆಗೆಯುವುದೂ ಕಷ್ಟ. ಹಾಗಾಗಿ 2018ರ ಜುಲೈನಲ್ಲಿ ಇಂಗ್ಲೆಂಡ್ ಅದರ ಬಳಕೆಗೆ ತಡೆ ಹಾಕಿತು. ಬ್ಯಾರೊನೆಸ್ ಕಂಬರ್ಲೆಜ್ ಸಮಿತಿ 2020ರಲ್ಲಿ ಆ ಹೆಂಗಸರ ಗೋಳನ್ನು ವರದಿಯಲ್ಲಿ ದಾಖಲಿಸಿತು.

ಇಂಗ್ಲೆಂಡಿನಲ್ಲಿ ಮೊದಲ ಮೆಟ್ಟಿಲು ಜಿಪಿ, ಅಂದರೆ ನಿಮ್ಮ ಏರಿಯಾದ ಸಾಮಾನ್ಯ ಡಾಕ್ಟರು. ಕನಿಷ್ಠ 3 ದಿನ ಎಷ್ಟು ಕುಡಿದಿರಿ, ಎಷ್ಟು ಸಲ ಹೋದಿರಿ, ಯಾವಾಗ ಸೋರಿತು ಅಂತ ಬರೆದಿಡಲು ಹೇಳುತ್ತಾರೆ. ಆಮೇಲೆ ಫಿಸಿಯೋ ಹತ್ತಿರ 3 ತಿಂಗಳ ವ್ಯಾಯಾಮ: ಮೂತ್ರ ತಡೆದು ಹಿಡಿಯುವ ಕೆಳಗಿನ ಸ್ನಾಯು ಬಿಗಿ ಹಿಡಿದು ಬಿಡುವುದು, ಸಲಕ್ಕೆ 8 ಬಾರಿ, ದಿನಕ್ಕೆ 3 ಸಲ. ಸುಮ್ನೆ ಕಾಲ ಕಳೆಯುತ್ತಾರೆ ಅನ್ನಿಸಬಹುದು. ಆದರೆ ಎಷ್ಟೋ ಜನಕ್ಕೆ ಇಷ್ಟರಲ್ಲೇ ಸಾಕಾಗುತ್ತದೆ.

ಸಾಕಾಗದಿದ್ದರೆ ಆಪರೇಷನ್ ಮಾತು. ಕಾಲ್ಪೋಸಸ್ಪೆನ್ಷನ್‌ನಲ್ಲಿ ಹೊಟ್ಟೆಯ ಕೆಳಗೆ ಕೊಯ್ದು, ಅಥವಾ ಸಣ್ಣ ತೂತುಗಳ ಮೂಲಕ, ಮೂತ್ರಚೀಲದ ಕತ್ತನ್ನು ಹೊಲಿಗೆಯಿಂದ ಮೇಲಕ್ಕೆತ್ತುತ್ತಾರೆ. ಬಲೆ ಬೇಡ. ಆದರೆ ಮುಂದೆ ಯೋನಿಯ ಹಿಂಗೋಡೆ ಜಾರುವ ಸಂಭವ ಇದೆ. ಇನ್ನೊಂದು ಸ್ಲಿಂಗ್. ನಿಮ್ಮ ಹೊಟ್ಟೆಯ ಪದರದಿಂದಲೇ ಪಟ್ಟಿ ಕತ್ತರಿಸಿ ಆಸರೆ ಕಟ್ಟುತ್ತಾರೆ, ನಮ್ಮದೇ ಸೀರೆಯ ಅಂಚು ಹರಿದು ತೇಪೆ ಹಾಕಿದ ಹಾಗೆ. ಆಮೇಲೆ ಕೆಲವರಿಗೆ ಮೂತ್ರ ಸಲೀಸಾಗಿ ಬರುವುದಿಲ್ಲ, ಅದನ್ನು ತೆಗೆಯಲು ಕೊಳವೆ ಬೇಕಾಗಬಹುದು. ಎರಡರಲ್ಲೂ ವಾರಗಟ್ಟಲೆ ಭಾರ ಎತ್ತುವ ಹಾಗಿಲ್ಲ. ಅಕ್ಕಿ ಮೂಟೆಗೆ ಬೇರೆ ಕೈ ನೋಡಿಕೊಳ್ಳಿ. ಮೂರನೆಯದು ಬಲ್ಕಿಂಗ್ ಸೂಜಿ. ಮೂತ್ರನಾಳದ ಗೋಡೆಗೆ ಜೆಲ್ ತುಂಬಿ ಅದೇ ದಿನ ಮನೆಗೆ ಕಳಿಸುತ್ತಾರೆ. ಸಲೀಸು, ಆದರೆ ಆಪರೇಷನ್‌ನಷ್ಟು ಗುಣ ಕೊಡುವುದಿಲ್ಲ, ಮತ್ತೆ ಹಾಕಿಸಬೇಕಾಗಬಹುದು. ಇನ್ನೂ ಮಕ್ಕಳು ಬೇಕು ಅನ್ನುವವರು ಅದನ್ನು ಡಾಕ್ಟರಿಗೆ ಮೊದಲೇ ಹೇಳಿ. ಹೆರಿಗೆಯಾದರೆ ಸೋರುವುದು ಮರುಕಳಿಸಬಹುದು.

ಇನ್ನು ದುಡ್ಡು. ವೀಸಾ ಜೊತೆ ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್‌ಚಾರ್ಜ್ ಕಟ್ಟಿದವರಿಗೆ ಎನ್‌ಎಚ್‌ಎಸ್‌ನಲ್ಲಿ, ಅಂದರೆ ಇಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ, ಆಪರೇಷನ್‌ಗೆ ಬೇರೆ ಬಿಲ್ ಇಲ್ಲ. ವಿಸಿಟರ್ ವೀಸಾದಲ್ಲಿ ಬಂದ ಅವ್ವನಿಗೆ ಮಾತ್ರ ಇದೆ, ಅದೂ ಮಾಮೂಲು ದರದ ಒಂದೂವರೆ ಪಟ್ಟು. ಅವರಿಗೆ ಊರಲ್ಲೇ ಮಾಡಿಸುವುದು ಒಳ್ಳೆಯದು ಅಂತ ನನ್ನ ಅನಿಸಿಕೆ. ಬಲೆ ಹಾಕುತ್ತೀರಾ ಅಂತ ಅಲ್ಲಿ ಬಾಯಿಬಿಟ್ಟು ಕೇಳಿ.

ಇಂಗ್ಲಿಷ್ ಕಷ್ಟವಾದರೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕನ್ನಡದ ದುಭಾಷಿ ಬೇಕು, ಹೆಂಗಸೇ ಆದರೆ ಒಳ್ಳೆಯದು ಅನ್ನಿ. ಅದಕ್ಕೆ ದುಡ್ಡಿಲ್ಲ. ಮಗನನ್ನು ಕೂರಿಸಿಕೊಂಡರೆ ಅರ್ಧ ಮಾತು ಗಂಟಲಲ್ಲೇ ಉಳಿಯುತ್ತದೆ, ಅಲ್ವಾ?