ಮಣ್ಣಿನ ಹಸಿ ಲೆಕ್ಕಕ್ಕೆ ಬಂದ ಮೇಲೆ ನನ್ನ ಮಾದರಿ ಓಡಿತು

ಹವಾಮಾನ, ಬೆಳೆ, ಸಾಲ, ಗುಳೆ ಎಲ್ಲವನ್ನೂ ಒಂದೇ ಕಂಪ್ಯೂಟರ್ ಮಾದರಿಯಲ್ಲಿ ಹೆಣೆಯುತ್ತೇನೆ ಅಂದಾಗ ಧಾರವಾಡದ ಗೆಳೆಯರು, "ಇದು ಮನ್ಯಾಗ ಕುಂತು ಮಾಡೂ ಕೆಲಸ ಅಲ್ಲ ಬಿಡೋ" ಅಂದಿದ್ದರು. ಮನೆಯಲ್ಲೇ ಕೂತು ಮಾಡಿದ್ದೇನೆ. ಗದಗ ಜಿಲ್ಲೆ ರೋಣ ತಾಲೂಕಿನ ಒಂದು ಊರು, 140 ಮನೆ. ಮೂರು ವರ್ಷ ಹಿಡಿಯಿತು. ಖರ್ಚು 65 ಸಾವಿರದ ಆಸುಪಾಸು.

ಅದರಲ್ಲಿ 11 ಸಾವಿರ ಸುಮ್ನೆ ಹೋಯಿತು. ಕ್ಲೌಡ್‌ನಲ್ಲಿ, ಅಂದರೆ ನೆಟ್ ಮೇಲಿನ ಬಾಡಿಗೆ ಮಷಿನ್‌ನಲ್ಲಿ, ಮಾದರಿಯ ರನ್ ಹಚ್ಚಿ ಊರಿಗೆ ಹೋದವನು ಮಷಿನ್ ಬಂದ್ ಮಾಡಿರಲಿಲ್ಲ. ಆಮೇಲೆ ಹಳೇ ಡೆಸ್ಕ್‌ಟಾಪ್‌ಗೇ 32 ಜಿಬಿ ರ‍್ಯಾಮ್ ಹಾಕಿಸಿದೆ. ಒಂದೊಂದು ಮನೆಯನ್ನೂ ಬೇರೆ ಬೇರೆಯಾಗಿ ನಡೆಸಿ ನೋಡುವ ಮಾದರಿಗಳಿಗೆ ಇರುವ ಮೆಸಾ ಅನ್ನೋ ಪೈಥಾನ್ ಲೈಬ್ರರಿಯಲ್ಲಿ ಬರೆದ ಕೋಡ್, ರಾತ್ರಿ ಹಚ್ಚಿದರೆ ಬೆಳಿಗ್ಗೆಗೆ 200 ರನ್ ಮುಗಿದಿರುತ್ತವೆ.

ಮೊದಲ ಮಾದರಿ ಪೂರ್ತಿ ಕೆಟ್ಟಿತು. ಲಾಭ ಜಾಸ್ತಿ ಇರುವ ಬೆಳೆಯನ್ನೇ ರೈತ ಹಾಕುತ್ತಾನೆ ಅಂತ ಬರೆದಿದ್ದೆ. ಒಂದು ವರ್ಷ 140 ಮನೆಯವರೂ ಉಳ್ಳಾಗಡ್ಡಿ ಹಾಕಿದರು, ರೇಟ್ ಬಿತ್ತು, ಮರುವರ್ಷ ಒಬ್ಬರೂ ಹಾಕಲಿಲ್ಲ. ಯಾವ ಊರು ಹಾಗೆ ನಡೆಯುತ್ತದೆ? ಮಾದರಿಯ ಲೆಕ್ಕ ವರ್ಷಕ್ಕೊಂದೇ ಹೆಜ್ಜೆ ಮುಂದೆ ಹೋಗುವಂತೆ ಬರೆದಿದ್ದೂ ತಪ್ಪು. ಅರ್ಥಶಾಸ್ತ್ರಜ್ಞ ನಾರ್ಡ್‌ಹಾಸ್ ಅವರು ಹವಾಮಾನ ಮತ್ತು ಆರ್ಥಿಕತೆಯನ್ನು ಜೋಡಿಸಿದ ಡೈಸ್ ಮಾದರಿಗೆ ಐದು ವರ್ಷಕ್ಕೊಂದು ಹೆಜ್ಜೆ ನಡೆಯುತ್ತದೆ, ಅದು ಇಡೀ ಜಗತ್ತಿನ ಲೆಕ್ಕ. ನಮ್ಮಲ್ಲಿ ಮುಂಗಾರಿ ಹೆಸರು ಹೋದರೂ ಹಿಂಗಾರಿ ಕಡಲೆ ಮನೆ ಉಳಿಸುತ್ತದೆ. ವರ್ಷದ ಸರಾಸರಿಯಲ್ಲಿ ಇದು ಕಾಣುವುದೇ ಇಲ್ಲ.

ದಾರಿ ತೋರಿಸಿದವರು ಆ ಊರಿನ ಕಾಕಾ ಒಬ್ಬರು. ಎರಿ ಹೊಲದಲ್ಲಿ ಕುಡುಗೋಲಿನ ತುದಿಯಿಂದ ಗೇಣುದ್ದ ಕೆದರಿ, ಒಂದು ಹಿಡಿ ಮಣ್ಣು ತೆಗೆದು ಹಿಚುಕಿದರು. ಉಂಡೆ ಕಟ್ಟಿತು. "ಮಳಿ ಎಷ್ಟ ಬಿತ್ತು ಅನ್ನೂದಲ್ಲ ತಮ್ಮಾ, ಹಸಿ ಎಷ್ಟ ಇಳದೈತಿ ನೋಡು" ಅಂದರು.

ಅವತ್ತೇ ಬಿತ್ತನೆಯ ನಿರ್ಧಾರದಿಂದ ಮಳೆಯ ಅಂಕಿ ಕಿತ್ತು ಹಸಿಯ ಅಂಕಿ ಕೂಡಿಸಿದೆ. ಹವಾಮಾನ ಇಲಾಖೆ ನಕ್ಷೆಯನ್ನು ಚೌಕ ಮಾಡಿ ಒಂದೊಂದಕ್ಕೆ ಒಂದು ಮಳೆ ಅಂಕಿ ಕೊಡುತ್ತದೆ, ಆ ಚೌಕ ಸುಮಾರು 25 ಕಿಲೋಮೀಟರಿನದು, ಒಂದು ಊರಿಗೆ ಅದು ದೊಡ್ಡದು. ಹಾಗಾಗಿ ಉಪಗ್ರಹ ಮತ್ತು ಮಳೆಮಾಪಕ ಕೂಡಿಸಿ ಮಾಡಿದ, 5 ಕಿಲೋಮೀಟರ್ ಚೌಕದ ಚಿರ್ಪ್ಸ್ ಮಳೆ ಅಂಕಿ ತೆಗೆದುಕೊಂಡು ಮಣ್ಣಿನ ನೀರಿನ ಲೆಕ್ಕ ನಾನೇ ಬರೆದೆ. ಉಳ್ಳಾಗಡ್ಡಿ ಹುಚ್ಚು ನಿಂತಿದ್ದು ಮಾತ್ರ ರೈತ ಅಕ್ಕಪಕ್ಕದ ಹೊಲ ನೋಡುವಂತೆ ಮಾಡಿದ ಮೇಲೆ. ಎಷ್ಟು ಹೊಲ ನೋಡುತ್ತಾನೆ, ನಿರ್ಧಾರದಲ್ಲಿ ಅದಕ್ಕೆ ಎಷ್ಟು ತೂಕ ಅನ್ನೋದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

2018ರವರೆಗಿನ ಅಂಕಿ ಕೊಟ್ಟು ಮಾದರಿಯನ್ನು ಹೊಂದಿಸಿದೆ. 2023ರ ಮಳೆ ಕೊಟ್ಟೆ, ಬೆಳೆ ಮತ್ತು ಗುಳೆಯ ಅಂಕಿ ಕೊಡಲಿಲ್ಲ. ಆ ವರ್ಷದ ಆಗಸ್ಟ್ ದೇಶಕ್ಕೇ 1901ರಿಂದೀಚೆಗೆ ಅತಿ ಒಣ ಆಗಸ್ಟ್. ದೀಪಾವಳಿ ಆದಮೇಲೆ ಓಣಿ ಓಣಿ ತಿರುಗಿ ಬೀಗ ಎಣಿಸಿದ್ದೆ, 37 ಮನೆ. ಕೆಲವು ಬೀಗಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ ದಾರ ಕಟ್ಟಿದ್ದರು, ತುಕ್ಕು ಹಿಡಿಯಬಾರದು ಅಂತ. ಗೋವಾ, ಮಂಗಳೂರಿಗೆ ಹೋದವರು ಬೇಗ ಬರುವುದಿಲ್ಲ ಅಂತ ಅದರಲ್ಲೇ ಗೊತ್ತಾಗುತ್ತಿತ್ತು. ಮಾದರಿ 41 ಅಂದಿತು. ಆ ರಾತ್ರಿ ನಾನು ಮಲಗಲಿಲ್ಲ.

ನಡುವೆ ಕೃಷಿ ಹೊಂಡದ ಪ್ರಯೋಗವನ್ನೂ ಮಾಡಿದೆ. ನಾಲ್ಕು ಮನೆಗೊಂದು ಹೊಂಡ ಕೊಟ್ಟರೆ ಮೊದಲ ಬರದಲ್ಲಿ ಗುಳೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಬೆನ್ನಿಗೇ ಎರಡನೇ ಬರ ಬಂದರೆ ಹೊಂಡ ತುಂಬುವುದಿಲ್ಲ, ಹೊಂಡ ನಂಬಿ ಸಾಲ ಮಾಡಿದವರೇ ಮೊದಲು ಊರು ಬಿಟ್ಟರು. ಇದನ್ನು ಕಾಕಾಗೆ ಹೇಳಿದೆ. ತಮ್ಮ ಹೊಂಡ ಎರಡು ವರ್ಷ ಒಣಗಿದ್ದನ್ನು ತೋರಿಸಲು ಕರೆದುಕೊಂಡು ಹೋದರು. ಈಗ ಅದರ ಆಳ ಅಳೆದು ತಂದಿದ್ದೇನೆ, ಮುಂದಿನ ರನ್‌ಗೆ ಅದೇ ಅಂಕಿ.