ಮಿನಿಟ್ಸ್ ಯಾರು ಬರೀತಾರೆ?

ಟೀಮ್ ಲೀಡ್ ಆದ ಮೊದಲ ಮೂರು ತಿಂಗಳು ನಾನು ಮಾಡಿದ್ದು ಒಂದೇ ಕೆಲಸ. ನನಗಿಂತ ಮುಂಚೆ ಆ ಜಾಗದಲ್ಲಿ ಇದ್ದವರ ಹಾಗೆ ನಟಿಸಿದ್ದು. ಅವರು ಜೋರಾಗಿ ಮಾತಾಡುತ್ತಿದ್ದರು, ನಾನೂ ದನಿ ಏರಿಸಿದೆ. ಅವರು ರಾತ್ರಿ ಹನ್ನೊಂದಕ್ಕೆ ಮೇಲ್ ಹಾಕುತ್ತಿದ್ದರು, ನಾನೂ ಹಾಕಿದೆ. ಗಂಟಲು ಕಟ್ಟಿತೇ ಹೊರತು ಕೆಲಸ ಮುಂದೆ ಹೋಗಲಿಲ್ಲ.

ಹನ್ನೆರಡು ಜನರ ಟೀಮ್. ನನ್ನನ್ನೂ ಸೇರಿಸಿ ಹೆಂಗಸರು ಮೂವರು. ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವ ಆ್ಯಪ್ ಮಾಡುತ್ತಿದ್ದೆವು. ಲೀಡ್ ಆದ ಮೇಲೂ ಮೀಟಿಂಗಿನ ಮಿನಿಟ್ಸ್, ಅಂದರೆ ಯಾರು ಏನು ಹೇಳಿದರು ಎನ್ನುವ ಟಿಪ್ಪಣಿ, ನಾನೇ ಬರೆಯುತ್ತಿದ್ದೆ. ಯಾರೂ ಹೇಳಿರಲಿಲ್ಲ, ಸುಮ್ನೆ ಅಭ್ಯಾಸಬಲ.

ಒಂದು ದಿನ ರಿಮೈಂಡರ್ ಬಗ್ಗೆ ಚರ್ಚೆ. ಯಾವ ಡಾಕ್ಟರ್, ಯಾವ ವಿಭಾಗ, ಎಷ್ಟು ಗಂಟೆಗೆ, ಎಲ್ಲವೂ ಲಾಕ್ ಸ್ಕ್ರೀನ್ ಮೇಲೇ ಕಾಣುವ ಹಾಗೆ ಮಾಡಿದ್ದೆವು. ಟೆಸ್ಟಿಂಗ್ ಮಾಡುತ್ತಿದ್ದ ಹುಡುಗಿ ಮೆಲ್ಲಗೆ ಕೇಳಿದಳು: "ಈ ಫೋನನ್ನ ಮನೆಯಲ್ಲಿ ಬೇರೆಯವರೂ ನೋಡಿದರೆ?" "ಫೋನ್ ಅಂದರೆ ಪರ್ಸನಲ್ ಅಲ್ವಾ" ಎಂದು ಯಾರೋ ನಕ್ಕರು. ಮಾತು ಬೇರೆ ಕಡೆ ಹೋಯಿತು.

ಆಮೇಲೆ ಅವಳನ್ನು ಕರೆದು ಕೇಳಿದೆ. "ಇದನ್ನ ಮೂರನೇ ಸಲ ಹೇಳ್ತಾ ಇದ್ದೀನಿ" ಅಂದಳು. ಹಳೆಯ ಮಿನಿಟ್ಸ್ ತೆಗೆದು ನೋಡಿದೆ. ಎಲ್ಲೂ ಇಲ್ಲ. ಬರೆದವಳು ನಾನೇ! ಗಂಡಸರು ಕೇಳಿಸಿಕೊಳ್ಳಲ್ಲ ಎಂದು ಎಷ್ಟು ಸಲ ಗೊಣಗಿದ್ದೆನೋ. ನನ್ನ ಕಿವಿಗೂ ಬಿದ್ದಿರಲಿಲ್ಲ.

ಮುಂದಿನ ಮೀಟಿಂಗಿಗೆ ತಯಾರಾಗಿಯೇ ಹೋದೆ. "ನಾವೆಲ್ಲ ಬಳಸಿ ನೋಡಿದ್ದೇವಲ್ಲ, ಏನೂ ತೊಂದರೆ ಇಲ್ಲ" ಎನ್ನುವ ಮಾತು ಬಂದೇ ಬರುತ್ತದೆ ಎಂದು ಗೊತ್ತಿತ್ತು, ಬಂತು. ಆಪಲ್‌ನ ಹೆಲ್ತ್ ಆ್ಯಪ್ ಕಥೆ ಹೇಳಿದೆ. 2014ರಲ್ಲಿ ಅದು ಬಂದಾಗ ಮೈಯ ಏನೇನೋ ಲೆಕ್ಕ ಇಡುತ್ತಿತ್ತು, ಮುಟ್ಟಿನ ದಿನಗಳನ್ನು ಬರೆದಿಡಲು ಮಾತ್ರ ಜಾಗ ಇರಲಿಲ್ಲ. ಅದು ಸೇರಿದ್ದು ಮರುವರ್ಷ. ಅವರೂ ಬಳಸಿ ನೋಡಿಯೇ ಬಿಟ್ಟಿದ್ದರು ಅಲ್ವಾ? ಇನ್ನೊಂದು, ಜಾಯ್ ಬುವೊಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು 2018ರಲ್ಲಿ ಹೊರತಂದ ಅಧ್ಯಯನ. ಮುಖ ನೋಡಿ ಗಂಡೋ ಹೆಣ್ಣೋ ಎಂದು ಹೇಳುವ ಮೂರು ಕಂಪನಿಗಳ ಸಾಫ್ಟ್‌ವೇರನ್ನು ಅವರು ಪರೀಕ್ಷಿಸಿದ್ದರು. ಬಿಳಿ ಮೈಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಹೆಚ್ಚೆಂದರೆ ಶೇ. 0.8. ಕಪ್ಪು ಮೈಬಣ್ಣದ ಹೆಂಗಸರ ವಿಷಯದಲ್ಲಿ ಶೇ. 34.7ರವರೆಗೆ. ಆ ಅಂಕಿ ಕೇಳಿದ ಮೇಲೆ ಯಾರೂ ನಗಲಿಲ್ಲ.

ಬದಲಾಯಿಸಿದ್ದು ಇಷ್ಟೇ. ಲಾಕ್ ಸ್ಕ್ರೀನ್ ಮೇಲೆ "ನಾಳೆ ಒಂದು ಅಪಾಯಿಂಟ್‌ಮೆಂಟ್ ಇದೆ" ಎಂದು ಮಾತ್ರ. ಉಳಿದದ್ದು ಪಿನ್ ಹಾಕಿ ಒಳಗೆ ಹೋದ ಮೇಲೆ. ಎರಡು ದಿನದ ಕೆಲಸ. ಆ ಹುಡುಗಿಯ ತಲೆಯಲ್ಲಿ ಇದ್ದದ್ದು ಸ್ತ್ರೀರೋಗ ವಿಭಾಗಕ್ಕೆ ಗುಟ್ಟಾಗಿ ಹೋಗುವ ಹೆಂಗಸರು. ಆದರೆ ಸಪೋರ್ಟ್ ಇನ್‌ಬಾಕ್ಸಿಗೆ ಮೊದಲು ಬಂದ ಥ್ಯಾಂಕ್ಸ್ ಒಬ್ಬ ಗಂಡಸಿನದು. ಮಾನಸಿಕ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದರಂತೆ, ಆಫೀಸಿನಲ್ಲಿ ಫೋನನ್ನು ಮೇಜಿನ ಮೇಲೆ ಇಡೋಕೆ ಭಯ ಆಗುತ್ತಿತ್ತಂತೆ.

ಅದಾದ ಮೇಲೆ ಒಂದೊಂದಾಗಿ ರೂಢಿ ಬದಲಾಯಿಸಿದೆ. ಮಿನಿಟ್ಸ್‌ಗೆ ಪಾಳಿ ಬಂತು, ಹನ್ನೆರಡು ಜನರಿಗೂ. ಹೊಸಬರಿಗೆ ಕೆಲಸ ಕಲಿಸುವುದಕ್ಕೂ ಪಾಳಿ. ಚರ್ಚೆಗೆ ಮುಂಚೆ ಹತ್ತು ನಿಮಿಷ ಎಲ್ಲರೂ ಸುಮ್ಮನೆ ಕೂತು ತಮ್ಮ ಅನುಮಾನ ಬರೆಯಬೇಕು, ಓದುವುದು ಕಿರಿಯರಿಂದ ಶುರು. ಮೊದಲ ವಾರ ಮುಜುಗರ ಆಯಿತು, ಶಾಲೆಯ ಪರೀಕ್ಷೆ ಥರ. ಆದರೆ ಮಾತು ಕಡಿಮೆ ಆಡುವ ಇಬ್ಬರು ಹುಡುಗರು ಎಷ್ಟು ಚೆನ್ನಾಗಿ ಯೋಚನೆ ಮಾಡುತ್ತಾರೆ ಎಂದು ನಮಗೆ ಗೊತ್ತಾಗಿದ್ದೇ ಆಗ.

ಅಪ್ರೈಸಲ್‌ನಲ್ಲಿ, ಅಂದರೆ ಎಲ್ಲರ ಕೆಲಸದ ಮೌಲ್ಯಮಾಪನದಲ್ಲಿ, ಮಾತ್ರ ನನ್ನ ಬಣ್ಣ ಬಯಲಾಯಿತು. ನಾನೇ ಬರೆದ ಹನ್ನೊಂದು ವರದಿಗಳನ್ನು ಪಕ್ಕಪಕ್ಕ ಇಟ್ಟೆ. ಹುಡುಗರ ಬಗ್ಗೆ "ಸರ್ಚ್ ವೇಗ ಹೆಚ್ಚಿಸಿದ", "ಹಳೆಯ ಡೇಟಾಬೇಸ್ ತೆಗೆದು ಹಾಕಿದ" ಎಂದಿತ್ತು. ಟೀಮಿನ ಇನ್ನಿಬ್ಬರು ಹೆಂಗಸರ ಬಗ್ಗೆ? "ಎಲ್ಲರ ಜೊತೆ ಹೊಂದಿಕೊಳ್ಳುತ್ತಾಳೆ." "ನಗುನಗುತ್ತಾ ಕೆಲಸ ಮಾಡುತ್ತಾಳೆ." ನಗು ನೋಡಿ ಬಡ್ತಿ ಕೊಡುವವರು ಯಾರು? ಎರಡನ್ನೂ ಹರಿದು ಹೊಸದಾಗಿ ಬರೆದೆ. ಈಗ ಕುಂತು ಬರೆಯುವಾಗ ಒಂದೇ ನಿಯಮ, ಏನು ಮಾಡಿದರು ಎನ್ನುವುದು ಮಾತ್ರ, ಹೇಗಿದ್ದಾರೆ ಎನ್ನುವುದು ಬೇಡ.

ಇನ್ನೊಂದು ತಪ್ಪು ಹೇಳಿಬಿಡುತ್ತೇನೆ. ನಮ್ಮ ಸೀನಿಯರ್ ಇಂಜಿನಿಯರ್ ಹೆರಿಗೆ ರಜೆ ಮುಗಿಸಿ ಬಂದಾಗ ಆ್ಯಪಿನ ಪೇಮೆಂಟ್ ವ್ಯವಸ್ಥೆ ಬದಲಾಯಿಸುವ ದೊಡ್ಡ ಕೆಲಸ ಶುರುವಾಗಿತ್ತು. ಮಗು ಚಿಕ್ಕದು, ಪಾಪ ಎಂದು ಅದನ್ನು ಬೇರೆಯವರಿಗೆ ಕೊಟ್ಟೆ. ಉಪಕಾರ ಮಾಡಿದೆ ಎಂದುಕೊಂಡಿದ್ದೆ. ಎರಡು ವಾರ ಸುಮ್ಮನಿದ್ದು ಅವರು ನನ್ನ ಮುಂದೆ ಬಂದು ಕೂತರು. "ನನಗೆ ಆಗಲ್ಲ ಅಂತ ನಾನು ಹೇಳಿದ್ನಾ?" ಅಷ್ಟೇ ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಗ ನೆನಪಾಗಿದ್ದು ಬ್ರಿಟನ್ನಿನ ಸ್ಟೆಫನಿ ಶರ್ಲಿ. 1962ರಲ್ಲಿ ಸಾಫ್ಟ್‌ವೇರ್ ಕಂಪನಿ ಶುರು ಮಾಡಿ, ಮಕ್ಕಳಾದ ಮೇಲೆ ಕೆಲಸ ಬಿಟ್ಟಿದ್ದ ಹೆಂಗಸರನ್ನೇ ಹುಡುಕಿ ಸೇರಿಸಿಕೊಂಡರು. ಸ್ವಂತ ಹೆಸರಲ್ಲಿ ಬರೆದ ಪತ್ರಗಳಿಗೆ ಉತ್ತರ ಬರದೆ ಇದ್ದಾಗ "ಸ್ಟೀವ್" ಎಂದು ಸಹಿ ಹಾಕತೊಡಗಿದರು, ಬಾಗಿಲು ತೆರೆಯಿತು. ಕಾಂಕಾರ್ಡ್ ವಿಮಾನದ ಬ್ಲ್ಯಾಕ್ ಬಾಕ್ಸಿಗೆ ಪ್ರೋಗ್ರಾಂ ಬರೆದದ್ದು ಮನೆಯಿಂದ ಕೆಲಸ ಮಾಡುತ್ತಿದ್ದ ಅವರ ತಂಡ. (1975ರಲ್ಲಿ ಲಿಂಗಭೇದ ಮಾಡಬಾರದು ಎಂಬ ಕಾನೂನು ಬಂದು, ಗಂಡಸರನ್ನೂ ಸೇರಿಸಿಕೊಳ್ಳಬೇಕಾಯಿತು. ಇದನ್ನು ಓದಿದಾಗಲೆಲ್ಲ ನಗು ಬರುತ್ತದೆ.) ಆ ಹೆಂಗಸರಿಗೆ ಬೇಕಾಗಿದ್ದು ಹಗುರ ಕೆಲಸ ಅಲ್ಲ, ತಮಗೆ ಹೊಂದುವ ಸಮಯ.

ಮರುದಿನ ಸಾರಿ ಕೇಳಿ, ಕೆಲಸ ಅವರಿಗೇ ಕೊಟ್ಟೆ. ಟೈಮಿಂಗ್ ಅವರೇ ಹಾಕಿಕೊಂಡರು, ಬೆಳಿಗ್ಗೆ ಐದರಿಂದ ಒಂದು ಪಾಲು, ಮಧ್ಯಾಹ್ನ ಇನ್ನೊಂದು. ರಿಲೀಸ್ ಬೆಳಗಿನ ಜಾವಕ್ಕೇ ಇಟ್ಟರು, ಆಗ ಆ್ಯಪ್ ಬಳಸುವವರು ಕಡಿಮೆ. ನಾನು ನಾಲ್ಕೂಮುಕ್ಕಾಲಿಗೇ ಎದ್ದು ಕಾಲ್‌ಗೆ ಸೇರಿಕೊಂಡೆ. "ನೀವ್ಯಾಕೆ ಎದ್ದಿರಿ, ಮಲಗಿ, ನಾನಿದ್ದೀನಿ" ಎಂದರು. ಪಕ್ಕದಲ್ಲಿ ಮಗು ಅಳುತ್ತಿತ್ತು. ಆಮೇಲೆ, "ಇರಿ ಇರಿ, ಈ ವಾರ ಮಿನಿಟ್ಸ್ ಪಾಳಿ ನಿಮ್ಮದೇ. ಬರ್ಕೊಳ್ಳಿ."